ಭೂಕಂಪ, ಗುಡ್ಡ ಕುಸಿತ ಮತ್ತು ನಮ್ಮ ಮಾಳಿಗೆಯ ಮಣ್ಣು

(ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ರೈತರಿಗಾಗಿ ದೇಗಾಂವದಲ್ಲಿ ಏರ್ಪಡಿಸಿದ್ದ ತರಬೇತಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೀಜೋಪಚಾರ, ಗೊಬ್ಬರದ ಪ್ರಮಾಣ, ಕಬ್ಬಿನ ಗೊಣ್ಣೆಹುಳು ಇಂಥ ವಿಷಯಗಳ ಮೇಲೆ ಮಾತನಾಡುವ ಈ ಸಭೆಯಲ್ಲಿ ಭೂಕಂಪ, ಗುಡ್ಡ ಕುಸಿತ, ಸುನಾಮಿ ಎಂಬ ವಿಷಯವನ್ನು ಎತ್ತಿಕೊಂಡಿರುವುದು ತಮಗೆ ಆಶ್ಚರ್ಯವೆನಿಸಿರಬಹುದು. ಬೆಳಿಗ್ಗೆ ಚಹದ ಹೊತ್ತಿನಲ್ಲಿ ಹಿರಿಯರೊಬ್ಬರು, "ಸಾಹೇಬ್ರ, ನಮ್ಮ ಕಡೆ ಸಮುದ್ರಾನೂ ಇಲ್ಲ, ಬೆಂಕಿ ಉಗುಳೋ ಗುಡ್ಡಾನೂ ಇಲ್ಲ. ಇದೆಲ್ಲಾ ನಮಗ್ಯಾಕ್ರೀ?" ಎಂದು ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇದೆ. ಅವರ ಪ್ರಶ್ನೆಗೆ ಉತ್ತರ ಕೊಡುವುದಕ್ಕಾಗಿಯೇ ನಾನು ಇಂದು ನಿಂತಿದ್ದೇನೆ.

1993ನೆಯ ಇಸವಿ ಸೆಪ್ಟೆಂಬರ 30. ಹಿಂದಿನ ದಿನ ಅನಂತ ಚತುರ್ದಶಿ. ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಕಿಲ್ಲಾರಿ ಮತ್ತು ಉಸ್ಮಾನಾಬಾದ ಜಿಲ್ಲೆಯ ಉಮರ್ಗಾ ಸುತ್ತಲಿನ ಹಳ್ಳಿಗಳ ಜನ ಗಣಪತಿಯನ್ನು ಕಳಿಸಿ, ದಣಿದು ಮಲಗಿದ್ದರು. ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಜೋರಾಗಿ ನಡುಗಿದ್ದು ಕೆಲವೇ ಸೆಕೆಂಡು. ಅಷ್ಟರಲ್ಲಿ ಎಂಟು ಸಾವಿರಕ್ಕೂ ಹತ್ತು ಸಾವಿರಕ್ಕೂ ನಡುವಿನಷ್ಟು ಜನ ತಮ್ಮ ಸ್ವಂತ ಮನೆಗಳ ಕೆಳಗೆ ಸಿಕ್ಕು ಸತ್ತರು. ಉಮರ್ಗಾ ಎಂದರೆ ದೂರದ ಊರಲ್ಲ; ನಮ್ಮ ಆಳಂದ, ಬಸವಕಲ್ಯಾಣಗಳಿಗೆ ಹತ್ತಿದ ಸೀಮೆ. ಅಲ್ಲಿಯೂ ಸಮುದ್ರವಿಲ್ಲ, ಬೆಂಕಿ ಉಗುಳುವ ಗುಡ್ಡವಿಲ್ಲ. ಎರೆಭೂಮಿ, ಜೋಳ, ತೊಗರಿ, ಕಲ್ಲು ಮಣ್ಣಿನ ಮನೆ, ಮೇಲೆ ಮಣ್ಣಿನ ಮಾಳಿಗೆ. ಎಲ್ಲವೂ ನಮ್ಮ ಸವದತ್ತಿ, ರಾಮದುರ್ಗ ಕಡೆಯ ಹಾಗೆಯೇ.

ಆಗ ಜಾರಿಯಲ್ಲಿದ್ದ ಭೂಕಂಪ ವಲಯದ ನಕ್ಷೆಯಲ್ಲಿ ಕಿಲ್ಲಾರಿಯು ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. ಅಲ್ಲಿ ಹೀಗಾಗಲಾರದು ಎಂದೇ ಎಲ್ಲರೂ ನಂಬಿದ್ದರು. 1992ರಲ್ಲಿ ಆ ಭಾಗದಲ್ಲಿ ಸಣ್ಣ ಸಣ್ಣ ಕಂಪನಗಳು ಆದಾಗ ಜನ ಹೆದರಿದ್ದರು, ಆಮೇಲೆ ಮರೆತಿದ್ದರು. 2002ರಲ್ಲಿ ನಕ್ಷೆಯನ್ನು ಪರಿಷ್ಕರಿಸಿ ಒಂದನೆಯ ವಲಯವನ್ನೇ ತೆಗೆದುಹಾಕಲಾಯಿತು. ಆ ಪರಿಷ್ಕರಣದಲ್ಲಿ ನಮ್ಮ ಬೆಳಗಾವಿ, ಧಾರವಾಡ, ವಿಜಯಪುರಗಳನ್ನು ಮಧ್ಯಮ ಅಪಾಯದ ಮೂರನೆಯ ವಲಯದಲ್ಲಿ ತೋರಿಸಲಾಯಿತು. ಅಂದರೆ ಕಿಲ್ಲಾರಿಗೆ ಹಿಂದೆ ಕೊಟ್ಟ ಸ್ಥಾನಕ್ಕಿಂತ ನಮ್ಮದು ಅಪಾಯದಲ್ಲಿ ಮೇಲಿನದು. ಹೆದರಿಸಲು ಇದನ್ನು ಹೇಳುತ್ತಿಲ್ಲ. ನಾಳೆಯೇ ಇಲ್ಲಿ ಭೂಕಂಪವಾಗುತ್ತದೆ ಎಂದು ಯಾರೂ ಹೇಳಲಾರರು. ಎಂದು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಮುಂದಾಗಿ ಹೇಳುವ ವಿದ್ಯೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಹಾಗೆ ಹೇಳುವವರು ಬಂದರೆ ನಂಬಬೇಡಿರಿ.

ಇನ್ನು ಭೂಮಿ ನಡುಗುವುದೇಕೆ ಎಂಬುದನ್ನು ನೋಡೋಣ. ನಾವು ಕಾಲೂರಿ ನಿಂತಿರುವ ಭೂಮಿಯ ಗಟ್ಟಿ ಮೇಲ್ಪದರು ಒಂದೇ ಅಖಂಡ ತುಂಡಲ್ಲ. ಅದು ಹಲವು ದೊಡ್ಡ ಹಾಸುಬಂಡೆಗಳಾಗಿ ಒಡೆದಿದೆ. ಭಾರತ ಇರುವ ಹಾಸುಬಂಡೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರದಷ್ಟು ಉತ್ತರಕ್ಕೆ ಸರಿಯುತ್ತ ಹಿಮಾಲಯದ ಕೆಳಗೆ ಒತ್ತುತ್ತಿದೆ. ಆದುದರಿಂದಲೇ ದೊಡ್ಡ ಭೂಕಂಪಗಳು ಹಿಮಾಲಯದ ಸೆರಗಿನಲ್ಲಿ ಹೆಚ್ಚು. ಆದರೆ ಮುಂದೆ ಒತ್ತಿದ ಭಾರ ಹಿಂದಕ್ಕೂ ಬರುತ್ತದೆ. ಹೊರೆ ತುಂಬಿದ ಬಂಡಿ ತಗ್ಗಿನಲ್ಲಿ ಸಿಕ್ಕಿದಾಗ ಗಾಲಿ ಮಾತ್ರವಲ್ಲ, ಅಚ್ಚು, ನೊಗ ಎಲ್ಲವೂ ಕಿರುಗುಡುತ್ತವೆ. ಎಲ್ಲಿ ಹಳೆಯ ಸೀಳು ಇದೆಯೋ ಅಲ್ಲಿ ಮುರಿಯುತ್ತದೆ. ನಮ್ಮ ದಖನ್ನಿನ ಬಂಡೆಗಳಲ್ಲಿಯೂ ಕೋಟಿಗಟ್ಟಲೆ ವರ್ಷದ ಹಳೆಯ ಸೀಳುಗಳಿವೆ. ಒತ್ತಡ ಕೂಡುತ್ತ ಕೂಡುತ್ತ ಒಂದು ದಿನ ಅಂಥ ಸೀಳು ಥಟ್ಟನೆ ಜಾರುತ್ತದೆ. ಜಾರಿದ ಪೆಟ್ಟಿಗೆ ಏಳುವ ಅಲೆಗಳೇ ಭೂಕಂಪ. ಕೆರೆಗೆ ಕಲ್ಲು ಒಗೆದಾಗ ನೀರಿನಲ್ಲಿ ಏಳುವ ಉಂಗುರಗಳ ಹಾಗೆ ಅವು ನೆಲದೊಳಗೆ ಸುತ್ತಲೂ ಹರಡುತ್ತವೆ. ಭೂಕಂಪದ ಅಳತೆಯಲ್ಲಿ 5 ಮತ್ತು 6ರ ನಡುವೆ ಒಂದೇ ಅಂಕದ ವ್ಯತ್ಯಾಸ ಕಂಡರೂ, ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚಾಗುತ್ತದೆ. ಕಿಲ್ಲಾರಿಯದು 6.2.

ಹಿರಿಯರಲ್ಲಿ ಕೆಲವರಿಗೆ ಕೊಯ್ನಾ ಭೂಕಂಪ ನೆನಪಿರಬೇಕು. ಅದು 1967ರ ಡಿಸೆಂಬರ 11ರ ನಸುಕಿನಲ್ಲಿ ಆಯಿತು. ಇಲ್ಲಿಂದ ನೆಟ್ಟಗೆ ಅಳೆದರೆ ಕೊಯ್ನಾ ಇನ್ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ದೂರ. ಅಲ್ಲಿ ಸುಮಾರು 180 ಜನ ಸತ್ತರು. ಅಣೆಕಟ್ಟಿನಲ್ಲಿ ನೀರು ನಿಂತ ಕೆಲವೇ ವರ್ಷಗಳಲ್ಲಿ ಇದು ಆದುದರಿಂದ, ನೀರಿನ ಭಾರ ಮತ್ತು ಸೀಳುಗಳೊಳಗೆ ಇಳಿದ ನೀರಿನ ಒತ್ತಡವೇ ಮೊದಲೇ ಬಿಗಿದುಕೊಂಡಿದ್ದ ಬಂಡೆಯನ್ನು ಜಾರಿಸಿತು ಎಂದು ವಿಜ್ಞಾನಿಗಳು ತಿಳಿದಿದ್ದಾರೆ. ಇಲ್ಲಿ ಸಹಜವಾಗಿ ಒಂದು ಪ್ರಶ್ನೆ ಏಳುತ್ತದೆ: ನಮ್ಮ ನವಿಲುತೀರ್ಥದ ಅಣೆಕಟ್ಟು? ಕೊಯ್ನಾ ಅಣೆಕಟ್ಟಿನ ಎತ್ತರ 103 ಮೀಟರ. ನವಿಲುತೀರ್ಥದ್ದು ಅದರ ಅರ್ಧಕ್ಕಿಂತಲೂ ಕಡಿಮೆ. ನೀರಿನಿಂದ ಭೂಕಂಪವಾದ ಉದಾಹರಣೆಗಳು ಹೆಚ್ಚಾಗಿ ಬಹಳ ಆಳದ ಜಲಾಶಯಗಳವು, ಅದೂ ಕೆಳಗೆ ಒತ್ತಡ ತುಂಬಿದ ಸೀಳು ಇದ್ದಲ್ಲಿ ಮಾತ್ರ. ಆದುದರಿಂದ ರೇಣುಕಾಸಾಗರದ ಬಗ್ಗೆ ಸುಮ್ಮನೆ ನಿದ್ದೆಗೆಡುವ ಕಾರಣವಿಲ್ಲ.

ನಿದ್ದೆಗೆಡಬೇಕಾದ ಕಾರಣ ಬೇರೆ ಇದೆ. ಅದು ತಲೆಯ ಮೇಲೆಯೇ ಇದೆ.

ಮಲಪ್ರಭೆಯ ದಂಡೆಯ ಹಳ್ಳಿಯಲ್ಲಿ ನನ್ನ ಅಜ್ಜನ ಮನೆ ಇತ್ತು. ಪ್ರತಿ ವರ್ಷ ಮೃಗಶಿರ ಮಳೆಗೆ ಮೊದಲು ಅಜ್ಜ ಒಂದೆರಡು ಬಂಡಿ ಸವಳು ಮಣ್ಣು ತರಿಸಿ ಮಾಳಿಗೆಯ ಮೇಲೆ ಹರಡಿಸುತ್ತಿದ್ದ. ಸೋರಬಾರದಲ್ಲ! ಹಳೆಯ ಮಣ್ಣನ್ನು ತೆಗೆದು ಹೊಸದನ್ನು ಹಾಕಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಮುಂದೆ ಆ ಮನೆಯನ್ನು ಬಿಚ್ಚುವಾಗ ನೋಡಿದರೆ ಉಳ್ಳಾಗಡ್ಡಿಯ ಹಾಗೆ ಪದರು ಪದರಾಗಿ ಮೂರು ತಲೆಮಾರಿನ ಮಣ್ಣು. ಅಳೆದಾಗ ಒಂದು ಅಡಿ ಹತ್ತು ಇಂಚು ಬಂದಿತು. ಅದರ ಕೆಳಗೆ ನಾವೆಲ್ಲ ಮೊಮ್ಮಕ್ಕಳು ಸಾಲಾಗಿ ಮಲಗುತ್ತಿದ್ದೆವು. ಬೇಸಿಗೆಯಲ್ಲಿ ಎಷ್ಟು ತಂಪು ಎಂದು ಹೊಗಳುತ್ತಿದ್ದೆವು.

ಈಗ ಲೆಕ್ಕ ಹಾಕಿರಿ. ದಮ್ಮಸ್ಸಾದ ಒಣ ಮಣ್ಣು ಒಂದು ಘನ ಅಡಿಗೆ ಸುಮಾರು 45 ಕಿಲೋ ತೂಗುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಖೋಲಿಯ ಮೇಲೆ ಒಂದು ಅಡಿ ದಪ್ಪ ಮಣ್ಣಿದ್ದರೆ ನೂರು ಘನ ಅಡಿ, ಅಂದರೆ 45 ಕ್ವಿಂಟಲ್. ಕ್ವಿಂಟಲಿನ 45 ಜೋಳದ ಚೀಲಗಳನ್ನು ಮಾಳಿಗೆಯ ಮೇಲೆ ಒಟ್ಟಿ ಕೆಳಗೆ ಮಲಗಿದಂತೆ. ಎರಡು ಅಡಿಯಿದ್ದರೆ 90 ಚೀಲ. ಮಳೆಗಾಲದಲ್ಲಿ ಮಣ್ಣು ನೆನೆದಾಗ ಇನ್ನೂ ಹೆಚ್ಚು. ಕಿಲ್ಲಾರಿಯ ಮನೆಗಳ ಮೇಲೆ ಒಂದು ಅಡಿಯಿಂದ ಎರಡೂವರೆ ಅಡಿಯವರೆಗೆ ಮಣ್ಣಿತ್ತು. ಅದೇ ಊರುಗಳಲ್ಲಿ ಹುಲ್ಲು ಹೊದಿಸಿದ ಬಡವರ ಗುಡಿಸಲುಗಳಿಗೆ ಹೆಚ್ಚು ಹಾನಿಯಾಗಲಿಲ್ಲ. ದೊಡ್ಡ ಗೋಡೆಯ, ದಪ್ಪ ಮಾಳಿಗೆಯ ಉಳ್ಳವರ ಮನೆಗಳೇ ನೆಲಸಮವಾದವು.

ಭಾರವಾದ ಮಾಳಿಗೆ ಬೀಳುವುದೇಕೆ? ಬಂಡಿಯಲ್ಲಿ ನಿಂತಾಗ ಎತ್ತುಗಳು ಥಟ್ಟನೆ ಎಳೆದರೆ ನಿಂತವ ಹಿಂದಕ್ಕೆ ಬೀಳುತ್ತಾನೆ. ಕಾಲು ಮುಂದೆ ಹೋಯಿತು, ಮೈ ಇದ್ದಲ್ಲಿಯೇ ಉಳಿಯಿತು. ಭೂಕಂಪದಲ್ಲಿ ಮನೆಗೂ ಹೀಗೆಯೇ ಆಗುತ್ತದೆ. ಬುನಾದಿ ಅತ್ತಿತ್ತ ಸರಿಯುತ್ತದೆ, ಭಾರವಾದ ಮಾಳಿಗೆ ಇದ್ದಲ್ಲಿಯೇ ಇರಲು ನೋಡುತ್ತದೆ. ನಡುವೆ ಸಿಕ್ಕುವುದು ಗೋಡೆ. ಮಾಳಿಗೆ ಎಷ್ಟು ಭಾರವೋ ಗೋಡೆಗೆ ಅಷ್ಟು ಪೆಟ್ಟು. ನಮ್ಮ ಗೋಡೆಗಳಾದರೋ ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಕಲ್ಲಿನ ಸಾಲು, ನಡುವೆ ಚಿಕ್ಕ ಕಲ್ಲು ಮತ್ತು ಕೆಸರುಮಣ್ಣಿನ ಭರ್ತಿ. ಎರಡು ಎರಡೂವರೆ ಅಡಿ ದಪ್ಪ ಇರುವುದನ್ನು ನೋಡಿ ಗಟ್ಟಿಮುಟ್ಟು ಎಂದುಕೊಳ್ಳುತ್ತೇವೆ. ನಿಜವಾಗಿ ಅದು ಒಂದು ಗೋಡೆಯಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ತೆಳು ಗೋಡೆಗಳು. ಅಲುಗಿದಾಗ ನಡುವಿನ ಭರ್ತಿ ಕೆಳಗಿಳಿದು ಒತ್ತುತ್ತದೆ, ಎರಡು ಮೈಗಳೂ ಬೇರೆಯಾಗುತ್ತವೆ, ಮೇಲಿನ ಜಂತಿ ತೊಲೆಗಳು ಮಣ್ಣಿನ ಸಮೇತ ಕೆಳಗೆ ಬರುತ್ತವೆ. ಕಿಲ್ಲಾರಿಯಲ್ಲಿ ಬಹಳ ಜನ ಕಲ್ಲಿನ ಪೆಟ್ಟಿನಿಂದಲ್ಲ, ಮಣ್ಣಿನಲ್ಲಿ ಹುಗಿದು ಉಸಿರು ಕಟ್ಟಿ ಸತ್ತರು.

ಕಲ್ಲೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನಿಮ್ಮೂರಿನ ಕಮಲನಾರಾಯಣ ಗುಡಿಯನ್ನೇ ನೋಡಿರಿ. ಗೋವೆಯ ಕದಂಬರ ರಾಣಿ ಕಮಲಾದೇವಿ ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ್ದು. ಎಂಟು ನೂರು ವರ್ಷಗಳ ಮೇಲಾಯಿತು. ಎತ್ತರ ಕಡಿಮೆ, ಹರವು ಹೆಚ್ಚು. ಮೂರು ಗರ್ಭಗುಡಿಗಳು ಒಂದೇ ಸಾಲಿನಲ್ಲಿ. ಕಲ್ಲಿಗೆ ಕಲ್ಲು ಚೊಕ್ಕಟವಾಗಿ ಕಡಿದು ಕೂಡಿಸಿದ್ದು. ಅಂಥ ಕೆಲಸಕ್ಕೆ ರಾಣಿಯ ಬೊಕ್ಕಸ ಬೇಕು ಎನ್ನುವಿರಿ, ನಿಜ. ಆದರೆ ಕಲ್ಲುಗಳು ಒಂದನ್ನೊಂದು ಹಿಡಿದುಕೊಳ್ಳುವಂತೆ ಇಡಬೇಕೆಂಬ ಬುದ್ಧಿಗೆ ಬೊಕ್ಕಸ ಬೇಡ.

ಹಾಗಾದರೆ ಏನು ಮಾಡಬೇಕು? ಮೊದಲ ಕೆಲಸ, ಮಾಳಿಗೆಯ ಭಾರ ಇಳಿಸುವುದು. ಇದಕ್ಕೆ ಖರ್ಚು ಕಡಿಮೆ, ಫಲ ಹೆಚ್ಚು. ಬೇಸಿಗೆಯಲ್ಲಿ, ಮಣ್ಣು ಒಣಗಿದಾಗ, ಮಾಳಿಗೆಯ ಮಣ್ಣನ್ನು ಪದರು ಪದರಾಗಿ ತೆಗೆಯಿರಿ. ಒಂದೇ ಕಡೆ ರಾಶಿ ಮಾಡಬಾರದು, ಒಂದೇ ಬದಿಯನ್ನು ಪೂರಾ ಬರಿದು ಮಾಡಬಾರದು. ಎಲ್ಲ ಕಡೆಯಿಂದ ಸಮನಾಗಿ ಇಳಿಸಬೇಕು. ಜಂತಿ, ಹಲಗೆಗಳನ್ನು ನೋಡಿ, ಗೆದ್ದಲು ತಿಂದುದನ್ನು ಬದಲಿಸಬೇಕು. ಆಮೇಲೆ ದಪ್ಪನೆಯ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಅದರ ಮೇಲೆ ಎಂಟು ಇಂಚಿಗೆ ಮೀರದಂತೆ ಮಣ್ಣು ಹಾಕಬೇಕು. ಸೋರುವುದನ್ನು ತಡೆಯುವ ಕೆಲಸವನ್ನು ಆ ಹಾಳೆ ಮಾಡುತ್ತದೆ. ತಂಪಿಗೆ ಎಂಟು ಇಂಚು ಸಾಕು. ಎರಡು ಅಡಿಯ ಮಾಳಿಗೆ ಎಂಟು ಇಂಚಿಗೆ ಇಳಿದರೆ ಆ ಹತ್ತಡಿ ಚೌಕದ ಖೋಲಿಯ ಮೇಲಿಂದ 60 ಕ್ವಿಂಟಲ್ ಇಳಿದಂತಾಯಿತು. ಕೆಳಗಿಳಿಸಿದ ಮಣ್ಣು ಸವಳಾಗಿದ್ದರೆ ಮಾತ್ರ ಹೊಲಕ್ಕೆ ಹಾಕಬೇಡಿರಿ.

ಎರಡನೆಯದು, ಕಂಬ ಮತ್ತು ತೊಲೆಗಳು ಕೂಡುವಲ್ಲಿ ಎರಡೂ ಬದಿಗೆ ಓರೆಯಾಗಿ ಕಟ್ಟಿಗೆಯ ಆನಿಕೆ ಕೊಡಿಸುವುದು. ನಮ್ಮ ಹಳೆಯ ಮನೆಗಳಲ್ಲಿ ತೊಲೆಯು ಕಂಬದ ಮೇಲೆ ಸುಮ್ಮನೆ ಕುಳಿತಿರುತ್ತದೆ, ಅಲುಗಿದರೆ ಜಾರುತ್ತದೆ. ಬಡಿಗೇರರಿಗೆ ಒಂದೆರಡು ದಿನದ ಕೆಲಸ. ಕಂಬಗಳು ಮಾಳಿಗೆಯನ್ನು ಹಿಡಿದು ನಿಂತರೆ, ಗೋಡೆ ಹೊರಗೆ ಬಿದ್ದರೂ ಒಳಗಿದ್ದವರಿಗೆ ಓಡಲು ಅವಕಾಶ ಸಿಗುತ್ತದೆ.

ಮೂರನೆಯದು ಗೋಡೆಯ ಎರಡು ಮೈಗಳನ್ನು ಹೊಲಿಯುವುದು. ಕಿಲ್ಲಾರಿಯ ನಂತರ ಆ ಭಾಗದಲ್ಲಿ ಉಳಿದ ಮನೆಗಳಿಗೆ ಈ ಉಪಾಯವನ್ನು ಕಲಿಸಲಾಯಿತು. ಗೋಡೆಯಲ್ಲಿ ಸುಮಾರು ಮೂರು ಅಡಿಗೊಂದರಂತೆ, ಮೇಲಿನ ಸಾಲು ಕೆಳಗಿನ ಸಾಲಿಗೆ ನೇರ ಬಾರದ ಹಾಗೆ, ಒಂದೊಂದು ಕಲ್ಲನ್ನು ಮೆಲ್ಲಗೆ ಬಿಡಿಸಿ ಆರುಪಾರು ರಂಧ್ರ ಮಾಡಬೇಕು. ಹಾರೆಯಿಂದ ಜೋರಾಗಿ ಹೊಡೆದರೆ ಇಡೀ ಗೋಡೆ ಸಡಿಲಾಗುತ್ತದೆ. ಇಲ್ಲಿ ಗೌಂಡಿಯ ಅವಸರ ನಡೆಯದು. ಎರಡೂ ತುದಿಗೆ ಕೊಕ್ಕೆ ಬಾಗಿಸಿದ ಕಬ್ಬಿಣದ ಸರಳನ್ನು ಅದರಲ್ಲಿಟ್ಟು ಸಿಮೆಂಟು, ಉಸುಕು, ಖಡಿಯ ಕಾಂಕ್ರೀಟು ತುಂಬಿ, ಹತ್ತು ದಿನ ನೀರು ಹೊಡೆಯಬೇಕು. ಆಗ ಒಳಗಿನ ಗೋಡೆ, ಹೊರಗಿನ ಗೋಡೆ ಒಂದಾಗುತ್ತವೆ.

ಹೊಸದಾಗಿ ಕಲ್ಲಿನ ಮನೆ ಕಟ್ಟುವವರು ಗೋಡೆಯನ್ನು ಒಂದೂವರೆ ಅಡಿಗಿಂತ ದಪ್ಪ ಮಾಡಬೇಡಿರಿ. ಎರಡು ಅಡಿ ಎತ್ತರಕ್ಕೊಮ್ಮೆ, ನಾಲ್ಕು ಅಡಿಗೊಂದರಂತೆ, ಗೋಡೆಯ ಪೂರ್ತಿ ದಪ್ಪಕ್ಕೆ ಹಾಯುವ ಉದ್ದನೆಯ ಕಲ್ಲು ಇಡಿಸಿರಿ. ಬಾಗಿಲ ತಲೆಯ ಮಟ್ಟದಲ್ಲಿ ಮನೆಯ ಸುತ್ತಲೂ, ಒಳಗೋಡೆಗಳ ಮೇಲೂ, ಎಲ್ಲಿಯೂ ಕಡಿಯದ ಹಾಗೆ ಸರಳು ಹಾಕಿದ ಕಾಂಕ್ರೀಟಿನ ಪಟ್ಟಿ ಕೊಡಿರಿ. ಚೀಲದ ಬಾಯಿಗೆ ಹುರಿ ಕಟ್ಟಿದ ಹಾಗೆ ಅದು. ಬಾಗಿಲು ಕಿಟಕಿಗಳು ಮೂಲೆಯಿಂದ ಎರಡು ಅಡಿಯಾದರೂ ದೂರ ಇರಲಿ. ಕೆಲವರು ಹಳೆಯ ಕೆಸರುಮಣ್ಣಿನ ಗೋಡೆಯನ್ನು ಹಾಗೆಯೇ ಉಳಿಸಿ ಮೇಲೆ ಕಾಂಕ್ರೀಟು ಸ್ಲ್ಯಾಬ್ ಹಾಕಿಸಿ, "ಈಗ ಪಕ್ಕಾ ಮನೆ ಆತು" ಎನ್ನುತ್ತಾರೆ. ಅದು ಮಣ್ಣಿನ ಮಾಳಿಗೆಗಿಂತ ಒಳ್ಳೆಯದೇನೂ ಅಲ್ಲ. 2019ರ ಆಗಸ್ಟದಲ್ಲಿ ಮಲಪ್ರಭೆ ಉಕ್ಕಿ ಹರಿದಾಗ ರಾಮದುರ್ಗ, ಸವದತ್ತಿ ತಾಲೂಕುಗಳ ಹೊಳೆಸಾಲಿನ ಊರುಗಳಲ್ಲಿ ಕೆಸರುಮಣ್ಣಿನ ಗೋಡೆ ನೀರು ಕುಡಿದು ಹೇಗೆ ಕುಸಿಯಿತು ಎಂಬುದನ್ನು ತಾವೇ ಕಂಡಿದ್ದೀರಿ. ಆಗ ಬೀಳದೆ ಉಳಿದ ಗೋಡೆಗಳೂ ಒಳಗೆ ಸಡಿಲಾಗಿರುತ್ತವೆ. ಗೋಡೆ ಉಬ್ಬಿ ಹೊಟ್ಟೆ ಬಿಟ್ಟಂತೆ ಕಂಡರೆ ಮೊದಲು ಅದನ್ನು ಬಿಚ್ಚಿ ಕಟ್ಟಿರಿ. ಬೈಲಹೊಂಗಲ ಕಡೆಯ ಆಳವಾದ ಎರೆಭೂಮಿಯಲ್ಲಿ ಬೇಸಿಗೆಗೆ ನೆಲ ಬಿರಿದು ಗೋಡೆ ಸೀಳುವುದುಂಟು. ಅದು ಭೂಕಂಪದ ಸೂಚನೆಯಲ್ಲ. ಆದರೆ ಸೀಳಿದ ಗೋಡೆ ಭೂಕಂಪಕ್ಕೆ ತಡೆಯುವುದಿಲ್ಲ ಎಂಬುದೂ ನಿಜ.

ಇಷ್ಟು ಪೂರ್ವಭಾಗದ ಮಾಳಿಗೆ ಮನೆಗಳ ಮಾತಾಯಿತು. ಇಲ್ಲಿ ದೇಗಾಂವ, ಕಿತ್ತೂರ ಕಡೆ ಮಳೆ ಹೆಚ್ಚು, ಹಂಚಿನ ಮನೆ ಹೆಚ್ಚು. ಮಲೆನಾಡಿನ ಸೆರಗು ಇಲ್ಲಿಂದ ಆರಂಭವಾಗುತ್ತದೆ. ಇಲ್ಲಿ ಗುಡ್ಡ, ದಿನ್ನೆ, ಹಳ್ಳಗಳ ಕಡೆಗೆ ಲಕ್ಷ್ಯ ಕೊಡಬೇಕು.

ಗುಡ್ಡ ಕುಸಿಯುವುದು ಮಳೆಯಿಂದ ಎನ್ನುತ್ತೇವೆ. ಅದು ಅರ್ಧ ಮಾತು. ಇಳಿಜಾರಿನ ಮಣ್ಣು ತನ್ನ ಕೆಳಗಿನ ಬಂಡೆಯನ್ನು ಕಚ್ಚಿ ಹಿಡಿದು ನಿಂತಿರುತ್ತದೆ. ಮಳೆನೀರು ಇಂಗಿದಾಗ ಎರಡು ಸಂಗತಿ ಒಮ್ಮೆಲೇ ಆಗುತ್ತವೆ: ಮಣ್ಣಿನ ತೂಕ ಹೆಚ್ಚುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಹಾಗಿದ್ದರೂ ಬುಡ ಗಟ್ಟಿಯಿದ್ದರೆ ಗುಡ್ಡ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ರಸ್ತೆಗೆಂದು, ಮನೆಗೆಂದು, ಗರಸಿಗೆಂದು ನಾವು ಬುಡವನ್ನೇ ಕಡಿದರೆ ಅದು ಯಾವುದರ ಮೇಲೆ ನಿಲ್ಲಬೇಕು? 2018ರ ಆಗಸ್ಟದಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಭಾಗಗಳಲ್ಲಿ ಗುಡ್ಡಗಳು ಕಾಫಿ ತೋಟ, ಮನೆಗಳ ಸಮೇತ ಜಾರಿದಾಗ, ಭೂವೈಜ್ಞಾನಿಕ ಸರ್ವೇಕ್ಷಣೆಯವರು ಭಾರೀ ಮಳೆಯ ಜೊತೆಗೆ ಇಳಿಜಾರುಗಳನ್ನು ಕಡಿದುದನ್ನೂ ಕಾರಣವಾಗಿ ತೋರಿಸಿದರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಕುಸಿದದ್ದು ಹೆದ್ದಾರಿಗಾಗಿ ಕಡಿದ ಗುಡ್ಡ. ಅದೇ ತಿಂಗಳ 30ರಂದು ವಯನಾಡಿನಲ್ಲಿ ಮೇಲೆಲ್ಲೋ ಜಾರಿದ ಮಣ್ಣು, ಬಂಡೆ, ಮರಗಳು ಹೊಳೆಯ ಪಾತ್ರವನ್ನು ಹಿಡಿದು ಇಳಿದು ಬಹಳ ಕೆಳಗಿದ್ದ ಮುಂಡಕ್ಕೈ, ಚೂರಲ್‌ಮಲಗಳನ್ನು ಒರೆಸಿಹಾಕಿದವು. ಗುಡ್ಡದಿಂದ ದೂರ ಇದ್ದೇವೆ ಎಂದುಕೊಂಡು ಹಳ್ಳದ ದಂಡೆಯಲ್ಲಿ ಮನೆ ಕಟ್ಟುವವರು ಇದನ್ನು ಯೋಚಿಸಬೇಕು.

ನಮ್ಮ ಜಿಲ್ಲೆಯ ಉದಾಹರಣೆಯೂ ಇದೆ. 2019ರ ಅಕ್ಟೋಬರದಲ್ಲಿ ಮಳೆಯಿಂದ ಗೋಕಾಕದ ಮಲ್ಲಿಕಾರ್ಜುನ ಗುಡ್ಡದ ಮೇಲಿನ ಭಾರೀ ಬಂಡೆಗಳ ಬುಡದ ಮಣ್ಣು ಸಡಿಲಾಗಿ, ಅವು ಊರಿನ ಮೇಲೆ ಉರುಳುವ ಹಾಗಾಯಿತು. ಕೆಳಗಿನ ಜನರನ್ನು ಬಿಡಿಸಿ, ವಿಪತ್ತು ನಿರ್ವಹಣೆಯ ಪಡೆಯನ್ನು ಕರೆಸಬೇಕಾಯಿತು. ಸವದತ್ತಿ, ರಾಮದುರ್ಗಗಳ ಗುಡ್ಡಗಳಲ್ಲಿಯೂ ಮೇಲೆ ಗಟ್ಟಿ ಬಂಡೆ, ಕೆಳಗೆ ಸವೆಯುವ ಪದರು ಇರುವ ಜಾಗಗಳಿವೆ. ಅವುಗಳ ಬುಡದಲ್ಲಿ ದನದ ಕೊಟ್ಟಿಗೆ, ಬಣವೆ ಇದ್ದರೆ ಸ್ಥಳ ಬದಲಿಸಿರಿ.

ಇಲ್ಲಿ ನಮ್ಮ ವಿಸ್ತರಣಾ ಕೆಲಸದ ಬಗೆಗೇ ಒಂದು ಮಾತು ಹೇಳಲೇಬೇಕು. ಇಂಗುಗುಂಡಿ ತೋಡಿರಿ, ನೀರನ್ನು ಇದ್ದಲ್ಲಿಯೇ ಇಂಗಿಸಿರಿ ಎಂದು ನಾವೇ ಊರೂರು ತಿರುಗಿ ಹೇಳಿದ್ದೇವೆ. ಇಳುಕಲು ಕಡಿಮೆ ಇರುವ ಹೊಲಗಳಿಗೆ ಈ ಮಾತು ಇಂದಿಗೂ ಸರಿ. ಆದರೆ ಮನೆಯ ಹಿಂದೆ ಕಡಿದಾದ ದಿನ್ನೆ ಇದ್ದು, ಅದರ ಬುಡವನ್ನು ಕಡಿದಿದ್ದರೆ, ಅದರ ನೆತ್ತಿಯ ಮೇಲೆ ಇಂಗುಗುಂಡಿಯನ್ನಾಗಲಿ ಕೃಷಿಹೊಂಡವನ್ನಾಗಲಿ ತೋಡಬಾರದು. ಅಲ್ಲಿ ನೀರು ಇಂಗಿಸುವುದೆಂದರೆ ಕುಸಿತವನ್ನು ಕರೆದಂತೆ. ಅಂಥಲ್ಲಿ ಮೇಲ್ಭಾಗದಲ್ಲಿ ಓರೆಯಾಗಿ ಕಾಲುವೆ ತೆಗೆದು ನೀರನ್ನು ಪಕ್ಕದ ಹಳ್ಳಕ್ಕೆ ಬಿಡಬೇಕು. ಸಹಜವಾಗಿ ನೀರು ಹರಿಯುವ ಕೊರಕಲುಗಳನ್ನು ಮುಚ್ಚಿ ಹೊಲ ಮಾಡಬಾರದು. ಇಳಿಜಾರಿನ ಹುಲ್ಲು, ಗಿಡಗಂಟಿಗಳನ್ನು ಕೀಳದೆ, ಲಾವಂಚ, ಬಿದಿರುಗಳನ್ನು ಹಚ್ಚಬೇಕು. ಬೇರು ಮೇಲ್ಮಣ್ಣನ್ನು ಹಿಡಿಯುತ್ತದೆ. ಆಳದ ಜಾರುವಿಕೆಯನ್ನು ಬೇರು ತಡೆಯದು ಎಂಬುದೂ ಗೊತ್ತಿರಲಿ.

ಕುಸಿತವು ಎಷ್ಟೋ ಸಲ ಮುಂಚೆಯೇ ಸುಳಿವು ಕೊಡುತ್ತದೆ. ದಿನ್ನೆಯ ಮೇಲ್ಭಾಗದಲ್ಲಿ ಕುಡುಗೋಲಿನ ಆಕಾರದ ಬಿರುಕು. ನೆಟ್ಟಗಿದ್ದ ಗಿಡ, ವಿದ್ಯುತ್ ಕಂಬ ವಾಲುವುದು. ಇಲ್ಲದಲ್ಲಿ ಹೊಸ ಒರತೆ ಏಳುವುದು, ಇದ್ದ ಒರತೆಯ ತಿಳಿನೀರು ರಾಡಿಯಾಗುವುದು. ಸರಿಯಾಗಿದ್ದ ಬಾಗಿಲು ಚೌಕಟ್ಟಿನಲ್ಲಿ ಬಿಗಿಯುವುದು. ಬಿರುಕು ಕಂಡರೆ ಜಿಗಟು ಮಣ್ಣಿನಿಂದ ಮುಚ್ಚಿ ನೀರು ಇಳಿಯದಂತೆ ಮಾಡಿರಿ, ತಲಾಠಿಯವರಿಗೂ ಪಂಚಾಯತಿಗೂ ತಿಳಿಸಿರಿ, ಜಡಿಮಳೆ ಹಿಡಿದ ರಾತ್ರಿ ಆ ಮನೆಯಲ್ಲಿ ಮಲಗಬೇಡಿರಿ.

ಕುಸಿತದಿಂದ ಹೊಲಕ್ಕಾಗುವ ಹಾನಿ ಎರಡು ತರಹದ್ದು. ಜಾರಿಹೋದಲ್ಲಿ ಮೇಲ್ಮಣ್ಣು ಹೋಗಿ ಸತ್ವವಿಲ್ಲದ ಅಡಿಮಣ್ಣು ಉಳಿಯುತ್ತದೆ. ಬಂದು ಬಿದ್ದಲ್ಲಿ ಕಲ್ಲು, ಉಸುಕು, ರಾಡಿ ಗದ್ದೆಯನ್ನು ಹೂಳುತ್ತವೆ. ಕೊಡಗಿನ ಗದ್ದೆಗಳಲ್ಲಿ ಹೀಗೆಯೇ ಆಯಿತು. ತೆಳು ಹೂಳನ್ನು ಉತ್ತು ಬೆರೆಸಬಹುದು. ದಪ್ಪ ಹೂಳನ್ನು ತೆಗೆಯದೆ ಗತಿಯಿಲ್ಲ. ಆಮೇಲೆ ಮಣ್ಣು ಪರೀಕ್ಷೆ, ಸೆಣಬು ಇಲ್ಲವೆ ಡಯಂಚದ ಹಸಿರುಗೊಬ್ಬರ, ಕೊಟ್ಟಿಗೆ ಗೊಬ್ಬರ ಆಗಬೇಕು. ಮೊದಲಿನ ಇಳುವರಿ ಒಂದೆರಡು ವರ್ಷದಲ್ಲಿ ಬರುವುದಿಲ್ಲ.

ಸುನಾಮಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಶಿರೂರಿನಲ್ಲಿ ಗುಡ್ಡದ ಮಣ್ಣು ಗಂಗಾವಳಿ ನದಿಗೆ ಬಿದ್ದಾಗ, ನದಿಯ ನೀರು ಎದ್ದು ಆಚೆ ದಂಡೆಯ ಉಳುವರೆ ಊರಿನ ಮನೆಗಳಿಗೆ ಬಡಿಯಿತು. ಗುಡ್ಡ ಬಿದ್ದುದು ಈ ದಂಡೆಯಲ್ಲಿ, ಮನೆ ಹೋದದ್ದು ಆ ದಂಡೆಯಲ್ಲಿ. ಸುನಾಮಿಯೂ ಹೀಗೆಯೇ, ಆದರೆ ಅಲ್ಲಿ ಸಮುದ್ರದ ತಳವೇ ಭೂಕಂಪದಿಂದ ನೂರಾರು ಕಿಲೋಮೀಟರ ಉದ್ದಕ್ಕೆ ಮೇಲೇಳುತ್ತದೆ ಇಲ್ಲವೆ ಕುಸಿಯುತ್ತದೆ, ಅದರ ಮೇಲಿನ ನೀರೆಲ್ಲ ಅಲೆಯಾಗಿ ಹೊರಡುತ್ತದೆ. 2004ರ ಡಿಸೆಂಬರ 26ರಂದು ಸುಮಾತ್ರಾದ ಬಳಿ ಹುಟ್ಟಿದ ಅಲೆಗಳು ಹಲವು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದವು. ನಮ್ಮ ದೇಶದಲ್ಲಿಯೇ ಹತ್ತು ಸಾವಿರಕ್ಕೂ ಮೇಲೆ, ಅದರಲ್ಲಿ ನಾಗಪಟ್ಟಿಣಂ ಜಿಲ್ಲೆಯದು ದೊಡ್ಡ ಪಾಲು. ಅಲ್ಲಿಯ ಹೊಲಗಳಿಗೆ ಸಮುದ್ರದ ನೀರು ನುಗ್ಗಿ ಉಪ್ಪಾದವು. ಮಳೆನೀರು ನಿಲ್ಲಿಸಿ ತೊಳೆದು, ಬೇಕಾದಲ್ಲಿ ಜಿಪ್ಸಂ ಹಾಕಿ, ಡಯಂಚ ಬೆಳೆದು ಸರಿಪಡಿಸಿದರು. ಮಲಪ್ರಭೆಯ ಕಾಲುವೆ ಪ್ರದೇಶದಲ್ಲಿ ಸವಳು ಜವಳಿನ ಜೊತೆ ಹೆಣಗಿದವರಿಗೆ ಇದು ಹೊಸ ಪಾಠವೇನಲ್ಲ. ಆ ಸಲ ನಮ್ಮ ಕಾರವಾರ, ಮಂಗಳೂರು ಕರಾವಳಿ ಅಲೆಯ ದಾರಿಗೆ ಮರೆಯಲ್ಲಿದ್ದುದರಿಂದ ದೊಡ್ಡ ಹಾನಿಯಾಗಲಿಲ್ಲ. ಆದರೆ 1945ರ ನವೆಂಬರದಲ್ಲಿ ಮಕ್ರಾನ್ ಕರಾವಳಿಯ ಭೂಕಂಪದ ಅಲೆಗಳು ಮುಂಬಯಿಯವರೆಗೂ ಬಂದಿದ್ದವು. ಘಟ್ಟದ ಮೇಲಿರುವ ನಮಗೆ ಸುನಾಮಿ ತಲುಪದು. ಗೋವೆ, ಕಾರವಾರಗಳಿಗೆ ದುಡಿಯಲು ಹೋಗುವ ಮಕ್ಕಳಿಗೆ ಮಾತ್ರ ಇಷ್ಟು ಹೇಳಿ ಕಳಿಸಿರಿ: ಸಮುದ್ರ ಇದ್ದಕ್ಕಿದ್ದಂತೆ ಹಿಂದೆ ಸರಿದು ತಳ ಕಂಡರೆ ನೋಡುತ್ತ ನಿಲ್ಲಬಾರದು, ಎತ್ತರಕ್ಕೆ ಓಡಬೇಕು. ಹೈದರಾಬಾದಿನಲ್ಲಿ 2007ರಿಂದ ಸುನಾಮಿ ಮುನ್ಸೂಚನೆಯ ಕೇಂದ್ರವೂ ಕೆಲಸ ಮಾಡುತ್ತಿದೆ. ಸುನಾಮಿಗೆ ಮುನ್ಸೂಚನೆ ಉಂಟು, ಭೂಕಂಪಕ್ಕಿಲ್ಲ.

ನೆಲ ನಡುಗಿದಾಗ ಏನು ಮಾಡಬೇಕೆಂಬುದನ್ನು ಹೇಳಿ ಮುಗಿಸುತ್ತೇನೆ. ಕಲ್ಲು ಮಣ್ಣಿನ ಮನೆಯಲ್ಲಿ ಬಾಗಿಲು ಹತ್ತಿರವಿದ್ದರೆ ಕೂಡಲೇ ಹೊರಗೆ ಬರಬೇಕು. ಕಾಂಕ್ರೀಟಿನ ಕಟ್ಟಡದಲ್ಲಿದ್ದರೆ ಗಟ್ಟಿ ಮೇಜಿನ ಕೆಳಗೆ ಸೇರಬೇಕು. ಹೊರಗೆ ಬಂದು ಇಕ್ಕಟ್ಟಿನ ಓಣಿಯಲ್ಲಿ ನಿಲ್ಲಬಾರದು, ಎರಡೂ ಬದಿಯ ಗೋಡೆಗಳು ಅಲ್ಲಿಗೇ ಬೀಳುತ್ತವೆ. ಬಯಲಿಗೆ, ಕಣಕ್ಕೆ ಹೋಗಬೇಕು. ಬಿಟ್ಟುಬಂದ ಒಡವೆ, ಕಾಗದಪತ್ರಗಳಿಗಾಗಿ ಒಡನೆ ಒಳಗೆ ಹೋಗಬಾರದು. ಹಿಂದಿನಿಂದ ಬರುವ ಚಿಕ್ಕ ಕಂಪನಗಳು ಅರೆಬಿದ್ದ ಗೋಡೆಯನ್ನು ಪೂರಾ ಕೆಡವುತ್ತವೆ. 2021ರ ಅಕ್ಟೋಬರದಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ಮೇಲಿಂದ ಮೇಲೆ ಸಣ್ಣ ಕಂಪನಗಳಾದಾಗ ಜನ ಹೊರಗೆ ಮಲಗಿದರು. ಅದನ್ನು ಅಂಜುಬುರುಕುತನ ಎನ್ನಲಾಗದು. ಮಲಗುವ ಖೋಲಿಯಿಂದ ಹೊರಬಾಗಿಲವರೆಗಿನ ದಾರಿಯಲ್ಲಿ ಚೀಲ ಒಟ್ಟದಿರುವುದನ್ನಂತೂ ಇಂದು ರಾತ್ರಿಯೇ ಮಾಡಬಹುದು.

ಭಾಷಣದ ನಂತರ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಟ್ಟಿದೆ.

ರಾಮದುರ್ಗ ಕಡೆಯ ತಾಯಿಯೊಬ್ಬರು: "ಅಲ್ರೀ ಸಾಹೇಬ್ರ, ಮಣ್ಣು ತಗದ್ರ ಬ್ಯಾಸಗ್ಯಾಗ ಮನಿ ಕಾಯ್ತದಲ್ರೀ? ತಗಡಿನ ಮನ್ಯಾಗ ಕುಂಡ್ರಾಕ ಆಗಾಂಗಿಲ್ಲ."

ಉತ್ತರ: ತಾಯಿ, ತಗಡು ಹಾಕಿರಿ ಎಂದು ನಾನು ಹೇಳಲಿಲ್ಲ. ಎಂಟು ಇಂಚು ಮಣ್ಣು ಇರಲಿ. ಮೇಲೆ ಪ್ರತಿ ಬೇಸಿಗೆಗೆ ತೆಳ್ಳಗೆ ಸುಣ್ಣ ಬಳಿಯಿರಿ; ಬಿಳಿ ಬಣ್ಣ ಬಿಸಿಲನ್ನು ತಿರುಗಿಸುತ್ತದೆ. ಎರಡು ಅಡಿಯಷ್ಟು ತಂಪು ಇರಲಿಕ್ಕಿಲ್ಲ, ಸ್ವಲ್ಪ ವ್ಯತ್ಯಾಸ ಆಗುತ್ತದೆ. ಕಣಕಿಯ ಚಪ್ಪರ ಹಾಕುವುದಿದ್ದರೆ ಮನೆಯ ಮುಂದೆ ಹಾಕಿರಿ, ಮಾಳಿಗೆಯ ಮೇಲೆ ಒಟ್ಟಬೇಡಿರಿ.

ಸವದತ್ತಿ ತಾಲೂಕಿನ ಯುವಕರೊಬ್ಬರು: "ನಮ್ಮ ಮಾಳಗಿ ಎಷ್ಟ ದಪ್ಪ ಐತಿ ಅಂತ ಹ್ಯಾಂಗ ನೋಡೂದ್ರಿ? ಅಗದ್ರ ಸೋರ್ತದ."

ಉತ್ತರ: ಅಗೆಯುವುದು ಬೇಡ. ಬೆಳಕಿಂಡಿಯಲ್ಲಿ ಕೈ ಇಳಿಸಿ ಹಲಗೆಯಿಂದ ಮೇಲಿನ ಮಣ್ಣಿನವರೆಗೆ ಗೇಣು ಹಾಕಿರಿ. ಒಂದು ಗೇಣು ಅಂದರೆ ಸುಮಾರು ಎಂಟು ಒಂಬತ್ತು ಇಂಚು. ಒಂದು ಗೇಣಿನೊಳಗಿದ್ದರೆ ಸರಿ. ಎರಡು ಗೇಣು ಬಂದರೆ ಈ ಬೇಸಿಗೆಯಲ್ಲಿ ಕೆಲಸ ಹಿಡಿಯಿರಿ. ಮೂರು ಗೇಣು ಬಂದರೆ, ಕೆಲಸ ಮುಗಿಯುವವರೆಗೆ ಮಕ್ಕಳನ್ನು ಪಡಸಾಲೆಯ ಹಂಚಿನ ಭಾಗದಲ್ಲಿ ಮಲಗಿಸಿರಿ.